ಪರೋಟಾ ನ್ಯಾಯ

2025ರ ಜುಲೈ ಮಾಸದಲ್ಲಿ, ಯುಪಿಐ ಜಮೆಯ ಲೆಕ್ಕವನ್ನು ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವರ್ತಕರಿಗೆ ನೋಟಿಸು ಕಳುಹಿಸಲಾಗಿ, ಬೆಂಗಳೂರಿನ ಅನೇಕ ಅಂಗಡಿಗಳ ಗೋಡೆಯಿಂದ ಕ್ಯೂಆರ್ ಚಿತ್ರವು ಅಂತರ್ಧಾನವಾದ ಆ ದಿನಗಳಲ್ಲಿ, ಅರ್ಥಶಾಸ್ತ್ರೋಪಾಸಕರಾದ ನಮ್ಮ ರಾಯರು ತಿಲಕ್ ನಗರದ ಬೇಕರಿಯೊಂದರ ಮುಂದೆ ಚಹಾಪಾನಾರ್ಥವಾಗಿ ನಿಂತರು.

“ತೆರಿಗೆಯು ಸರಳವಾದೊಡನೆ ವ್ಯಾಪಾರವು ವೃದ್ಧಿಸುವುದು.”

“ವೃದ್ಧಿಯೇ ಅಲ್ಲವೆ ಸ್ವಾಮಿ ಗಂಡಾಂತರ!” ಎಂದನು ಬೇಕರಿಯವನು. “ಸರಕಿನ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ; ಆದಕಾರಣ ಬೆಳೆಯದಿರುವುದನ್ನೇ ಶ್ರದ್ಧೆಯಿಂದ ಅಭ್ಯಸಿಸುತ್ತಿದ್ದೇನೆ.”

“ಶೇಕಡ 1ರ ರಾಜಿ ತೆರಿಗೆಯುಂಟಲ್ಲ?”

“ಉಂಟು. ಹಾಲಿಗೆ ತೆರಿಗೆಯೇ ಇಲ್ಲವೆಂಬುದೂ ಉಂಟು. ಆದರೆ ಜಮೆಯಾದ ರೂಪಾಯಿಯು ತಾನು ಹಾಲಿನದೋ ಸಿಗರೇಟಿನದೋ ಎಂದು ಬಾಯಿಬಿಡುವುದೆ?”

“ಸುಧಾರಣೆಯೆಂದರೆ ವರ್ಗೀಕರಣದ ಸ್ಪಷ್ಟತೆ!”

“ಸ್ಪಷ್ಟತೆಗೇನು ಕೊರತೆ? ಚಪಾತಿಗೆ 5, ಪೊಟ್ಟಣದ ಪರೋಟಾಕ್ಕೆ 18. ಪರೋಟಾವು ರೊಟ್ಟಿಯ ಕುಲದ್ದಲ್ಲವೆಂದು 2020ರಲ್ಲಿ ಕರ್ನಾಟಕದ ಮುಂಗಡ ತೀರ್ಪಿನ ಪ್ರಾಧಿಕಾರವೇ ಗೋತ್ರನಿರ್ಣಯ ಮಾಡಿತಲ್ಲ.”

(ಆ ಪಂಕ್ತಿಭೇದವು 2025ರ ಸೆಪ್ಟೆಂಬರ್ 22ರಂದು ಅಳಿದು, ಎರಡೂ ಶೂನ್ಯವನ್ನೈದಿದುವು, ಐದು ವರ್ಷ ತಡವಾಗಿ.)

ನಿರುತ್ತರರಾದ ರಾಯರು ಮೊಬೈಲನ್ನು ಹೊರತೆಗೆದರು.

“ನಗದು, ಸ್ವಾಮಿ.”

ರಾಯರು 100ರ ನೋಟನ್ನು ನೀಡಲು, ಚಿಲ್ಲರೆಯ ಅಭಾವದಿಂದ ನಾಲ್ಕು ಪೆಪ್ಪರಮಿಂಟು ಅವರ ಅಂಗೈ ಸೇರಿದುವು.

“ಇವಕ್ಕೆಷ್ಟು ಶೇಕಡ?” ಎಂದರು.

“ಮೆಲ್ಲಗೆ ಮಾತಾಡಿ!”