ಕೋಡುಬಳೆಯೂ ಕೋಚ್ ಸಾಹೇಬರೂ

ಮೊದಲು ನಾನು ಅವರನ್ನು ಅವಳಿ ಅಣ್ಣತಮ್ಮಂದಿರು ಅಂದುಕೊಂಡಿದ್ದೆ. ಅದೇ ಬೋಳುತಲೆ, ಅದೇ ಬಿಸಿಲಿಗೆ ಕೆಂಪಾದ ಕುತ್ತಿಗೆ, ಅದೇ ಕರೀ ದಾರದ ಸೀಟಿ. ಆದರೆ ಹೋದ ವರ್ಷ ಏಪ್ರಿಲ್‌ನಲ್ಲಿ ಕಂಡವರು ಗರಿಗರಿ ಟ್ರ್ಯಾಕ್‌ಸೂಟ್ ತೊಟ್ಟು, ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು, ಎದುರಿಗೆ ಬಂದ ತಂದೆತಾಯಿಗಳಿಗೆಲ್ಲ ಬೀಗರನ್ನು ಕಂಡ ಹಾಗೆ ನಗುತ್ತಿದ್ದರು. ಈ ಸೆಪ್ಟೆಂಬರಿನಲ್ಲಿ ಕಂಡವರ ಟೀಶರ್ಟಿನ ಕಾಲರೇ ಕಿತ್ತುಹೋಗಿತ್ತು. ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಯಾವ ಹುಡುಗನ ಅಪ್ಪನಾದರೂ ಹತ್ತಿರ ಬಂದರೆ ಮಳೆ ಬರುತ್ತದೋ ಅಂತ ಆಕಾಶ ನೋಡುತ್ತಿದ್ದರು.

"ಇಬ್ಬರೂ ಒಬ್ಬರೇ ಅಪ್ಪಾ. ಅದು ಕ್ಲಬ್ಬು, ಇದು ಸ್ಕೂಲು" ಅಂದಳು ಮಗಳು.

ಮಗಳ ಮನೆ ನ್ಯೂಜೆರ್ಸಿಯಲ್ಲಿ, ಎಡಿಸನ್‌ಗೆ ಹತ್ತಿರ. ಮೊಮ್ಮಗ ಹತ್ತನೇ ತರಗತಿ. ಅವನ ಫುಟ್‌ಬಾಲಿಗೆ ಅಲ್ಲಿ ಸಾಕರ್ ಅನ್ನುತ್ತಾರೆ. ಫುಟ್‌ಬಾಲ್ ಅನ್ನುವ ಹೆಸರನ್ನು ಕೈಯಲ್ಲಿ ಹಿಡಿದು ಓಡುವ ಇನ್ನೊಂದು ಆಟಕ್ಕೆ ಕೊಟ್ಟುಬಿಟ್ಟಿದ್ದಾರೆ. ಶರತ್ಕಾಲದ ಮೂರು ತಿಂಗಳು ಹುಡುಗರು ಸ್ಕೂಲಿಗೆ ಆಡುತ್ತಾರೆ, ಆಮೇಲೆ ಜೂನ್‌ತನಕ ಕ್ಲಬ್ಬಿಗೆ. ನಮ್ಮವನ ಪಾಲಿಗೆ ಎರಡು ಕಡೆಯೂ ಇವರೇ ಗುರುಗಳು. ಹೆಸರು ಏನೋ ಇದೆ, ಯಾರೂ ಹಿಡಿದು ಕರೆಯುವುದಿಲ್ಲ. ನಮ್ಮಲ್ಲಿ ಬರೀ 'ಮೇಷ್ಟ್ರು' ಅಂದರೆ ಸಾಕಾಗುವ ಹಾಗೆ ಅಲ್ಲಿ 'ಕೋಚ್'.

ಕ್ಲಬ್ಬಿಗೆ ಅಳಿಯಂದಿರು ವರ್ಷಕ್ಕೆ ಕಟ್ಟುವುದು ಮೂರು ಸಾವಿರ ಡಾಲರ್. ನಾನು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ, ಆ ಮೊತ್ತ ಎರಡೂವರೆ ಲಕ್ಷ ಮುಟ್ಟಿದ ಕೂಡಲೇ ಕುರ್ಚಿ ಹುಡುಕಿದೆ. ಈ ದುಡ್ಡಿಗೆ ಹುಡುಗನಿಗೆ ಆಟ ಸಿಗುತ್ತದೆ, ತಂದೆತಾಯಿಗಳಿಗೆ ಕೋಚ್ ಸಿಗುತ್ತಾರೆ. ಹುಡುಗ ಯಾಕೆ ಬೆಂಚಿನಲ್ಲಿ ಕೂತಿದ್ದ ಅಂತ ಒಮ್ಮೆ ಅಳಿಯಂದಿರಿಗೆ ಅವರು ಫೋನಿನಲ್ಲಿ ನಲವತ್ತು ನಿಮಿಷ ವಿವರಿಸಿದರು. ಅಳಿಯಂದಿರು ಫೋನಿಟ್ಟು, "ಎಷ್ಟು ಒಳ್ಳೆಯ ಮನುಷ್ಯ ಮಾವ, ಬೆಂಚಿನಲ್ಲಿ ಕೂರುವುದರಿಂದ ಇಷ್ಟೆಲ್ಲ ಲಾಭ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ" ಅಂದರು.

ಸ್ಕೂಲಿನಲ್ಲಿ ಈ ಮಾತಿಗೇ ಜಾಗವಿಲ್ಲ. ಯಾರನ್ನು ಎಷ್ಟು ಹೊತ್ತು ಆಡಿಸಿದೆ ಅನ್ನುವುದನ್ನು ಬಿಟ್ಟು ಬೇರೆ ಏನು ಬೇಕಾದರೂ ಕೇಳಿ ಅಂತ ಮೊದಲ ದಿನದ ಸಭೆಯಲ್ಲೇ ಹೇಳಿಬಿಡುತ್ತಾರೆ. ತಂದೆತಾಯಿಗಳಿಗೆ ಕೇಳಲು ಬೇರೆ ಏನೂ ಇರುವುದಿಲ್ಲ. ಕ್ಲಬ್ಬಿನಲ್ಲಿ ಇರುವುದು ಇಪ್ಪತ್ನಾಲ್ಕು ಗಂಟೆಯ ನಿಯಮ: ಪಂದ್ಯ ಮುಗಿದು ಒಂದು ದಿನ ಕಳೆಯುವವರೆಗೆ ದೂರು ಬೇಡ, ಸಿಟ್ಟು ಆರಲಿ ಅಂತ. ಆರುವುದುಂಟೇ? ಭಾನುವಾರ ನಾಲ್ಕಕ್ಕೆ ಪಂದ್ಯ ಮುಗಿದರೆ ಸೋಮವಾರ ನಾಲ್ಕೂ ಒಂದಕ್ಕೆ ಮೇಲ್ ಹೋಗುತ್ತದೆ. ರಾತ್ರಿಯೇ ಬರೆದು, ಬೆಳಿಗ್ಗೆ ತಿದ್ದಿ, ಗಡಿಯಾರ ನೋಡುತ್ತಾ ಕೂತಿರುತ್ತಾರೆ.

ಮಾತೂ ಬೇರೆ. ಕ್ಲಬ್ಬಿನಲ್ಲಿ ಆಡುವ ಜಾಗ ಪಿಚ್, ತೊಡುವುದು ಕಿಟ್, ಕಾಲಿಗೆ ಬೂಟ್ಸ್, ಗೋಲಾಗದಿದ್ದರೆ ನಿಲ್. ಸ್ಕೂಲಿನಲ್ಲಿ ಅದೇ ಜಾಗ ಫೀಲ್ಡ್, ಅದೇ ಬಟ್ಟೆ ಯೂನಿಫಾರ್ಮ್, ಅದೇ ಬೂಟು ಕ್ಲೀಟ್ಸ್, ಸೊನ್ನೆ ಬರೀ ಝೀರೋ. ಇಂಗ್ಲೆಂಡಿನ ಉಚ್ಚಾರಣೆ ಇದ್ದರೆ ಕ್ಲಬ್ಬಿನವರು ಇನ್ನಷ್ಟು ನಂಬುತ್ತಾರಂತೆ. ಇವರು ಹುಟ್ಟಿದ್ದು ಇಲ್ಲೇ ಕರ್ನಿಯಲ್ಲಿ. ಸ್ಕಾಟ್ಲೆಂಡಿನಿಂದ ನೂಲಿನ ಗಿರಣಿಗೆ ಬಂದವರು ಚೆಂಡನ್ನೂ ಜೊತೆಗೆ ತಂದ ಊರದು. 1990ರ ವಿಶ್ವಕಪ್ ಆಡಿದ ಅಮೆರಿಕದ ತಂಡದ ಟೋನಿ ಮಿಯೋಲಾ, ಜಾನ್ ಹಾರ್ಕ್ಸ್ ಬೆಳೆದದ್ದು ಅಲ್ಲೇ. ಆ ಕಥೆಯನ್ನು ಕೋಚ್ ಎರಡೂ ಕಡೆ ಹೇಳುತ್ತಾರೆ. ಸ್ಕೂಲಿನಲ್ಲಿ ಹೇಳುವುದು ಹುಡುಗರು ಸೋತು ಅಳುವಾಗ. ಕ್ಲಬ್ಬಿನಲ್ಲಿ ಶುಲ್ಕದ ಎರಡನೇ ಕಂತಿನ ಹೊತ್ತಿಗೆ.

ತಂಡ ಕಟ್ಟುವ ಬಗೆಯಲ್ಲೇ ಮನುಷ್ಯ ಬದಲಾಗುತ್ತಾರೇನೋ. ಸರಕಾರಿ ಸ್ಕೂಲಿಗೆ ಊರಿನ ಗಡಿಯೊಳಗೆ ಮನೆ ಇದ್ದವರೇ ಬರಬೇಕು. ಗೋಲ್‌ಕೀಪರ್ ಇಲ್ಲವೆಂದು ಪಕ್ಕದ ಊರಿನಿಂದ ತರುವ ಹಾಗಿಲ್ಲ. ಹದಿನಾಲ್ಕರ ಪಾಪಚ್ಚಿಯಿಂದ ಹದಿನೆಂಟರ ಗಡ್ಡದವನವರೆಗೆ ಸಿಕ್ಕಿದ್ದೇ ತಂಡ. ದೇವರು ಕೊಟ್ಟ ಮಕ್ಕಳ ಹಾಗೆ. ಬೈಯಬಹುದು, ಬಿಡುವಂತಿಲ್ಲ. ಕ್ಲಬ್ಬಿಗೆ ಗಂಟೆಗಟ್ಟಲೆ ದೂರದಿಂದ ಆರಿಸಿ ತರುತ್ತಾರೆ, ಎಲ್ಲ ಒಂದೇ ವಯಸ್ಸಿನವರು. ಅವರು ಹುಡುಕಿ ತಂದ ಅಳಿಯಂದಿರು. ಮುನಿಸಿಕೊಂಡರೆ ಮೇ ತಿಂಗಳ ಆಯ್ಕೆಯ ಹೊತ್ತಿಗೆ ಇನ್ನೊಂದು ಕ್ಲಬ್ಬಿನ ಮಾವನ ಮನೆ ಸೇರುತ್ತಾರೆ. (ನಮ್ಮ ಅಳಿಯಂದಿರು ಇದನ್ನು ಓದಿದರೆ ಬೇಸರ ಮಾಡಿಕೊಳ್ಳಬಾರದು.)

ಹಳದಿ ಕಾರ್ಡಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹೈಸ್ಕೂಲಿನ ನಿಯಮದಲ್ಲಿ ಹಳದಿ ಕಾರ್ಡ್ ಕಂಡ ಹುಡುಗ ಮೈದಾನ ಬಿಟ್ಟು ಹೊರಗೆ ಬರಬೇಕು, ಬದಲಿಗೆ ಇನ್ನೊಬ್ಬ ಹೋಗಬಹುದು. ಹೊರಗೆ ಬಂದವನ ಗತಿ! ಕೋಚ್ ಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು ಬೇರೆ; ಹೋಂವರ್ಕ್ ಬಾಕಿಯಿಂದ ಹಿಡಿದು ಅಂತರ್ಯುದ್ಧದವರೆಗೆ ಎಲ್ಲ ಅವನ ತಲೆಯ ಮೇಲೆ. ಕ್ಲಬ್ಬಿನಲ್ಲಿ ಹಳದಿ ಕಾರ್ಡಿನವನು ಮೈದಾನದಲ್ಲೇ ಉಳಿಯುತ್ತಾನೆ, ಕೋಚ್ ಟ್ಯಾಬ್ಲೆಟ್ಟಿನಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಾರೆ. ಆ ಕಡೆ ಗೆರೆಯಾಚೆ, ಮಡಿಸುವ ಕುರ್ಚಿಯಲ್ಲಿ, ಮೂರು ಸಾವಿರ ಡಾಲರ್ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತದಲ್ಲ.

ಕ್ಲಬ್ಬಿನ ದೊಡ್ಡ ಟೂರ್ನಮೆಂಟಿಗೆ ಕಾಲೇಜಿನ ಕೋಚ್‌ಗಳು ಹುಡುಗರನ್ನು ನೋಡಲು ಬರುತ್ತಾರೆ. ಕಾಲೇಜು ಆಟದ ಮೇಲ್ದರ್ಜೆಯಾದ ಡಿವಿಜನ್ ಒನ್‌ನ ನಿಯಮದಂತೆ, ಹತ್ತನೇ ತರಗತಿ ಮುಗಿದ ಮೇಲೆ ಜೂನ್ 15 ಬರುವವರೆಗೆ ಅವರು ಹುಡುಗನ ಜೊತೆ ಮಾತಾಡುವಂತಿಲ್ಲ. ಸುಮ್ಮನೆ ಬಂದು, ಸುಮ್ಮನೆ ನೋಡಿ, ಏನೋ ಬರೆದುಕೊಂಡು ಎದ್ದು ಹೋಗುತ್ತಾರೆ. ಥೇಟ್ ಹೆಣ್ಣು ನೋಡುವ ಶಾಸ್ತ್ರ. ಉಪ್ಪಿಟ್ಟು ಕೇಸರಿಬಾತ್ ಒಂದು ಇರಲಿಲ್ಲ. ಆ ಕೊರತೆ ನೀಗಲೆಂದೇ ನಾನು ಕೋಡುಬಳೆ ಡಬ್ಬಿ ತೆಗೆದದ್ದು. ಕೋಚ್ ಗಾಬರಿಯಿಂದ ಎರಡೂ ಕೈ ಎತ್ತಿ, ಕ್ಲಬ್ಬಿನ ಆಹಾರ ಪಟ್ಟಿಯಲ್ಲಿ ಕರಿದದ್ದು ನಿಷಿದ್ಧ ಅಂತ ಬಹಳ ವಿನಯವಾಗಿ ಹೇಳಿದರು. ಸಂಜೆ ಆ ಪಟ್ಟಿ ಮೇಲಿನಲ್ಲೂ ಬಂತು.

ಇವರನ್ನು ನೋಡಿ ನಗುವ ಹಕ್ಕು ನನಗೆಷ್ಟಿದೆಯೋ. ತುಮಕೂರಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿದವನು ನಾನು. ತರಗತಿಯಲ್ಲಿ ಬೆತ್ತ, ಸಂಜೆ ಅದೇ ಹುಡುಗ ಮನೆಗೆ ಟ್ಯೂಷನ್ನಿಗೆ ಬಂದರೆ "ಬಾಪ್ಪ, ಕೂತ್ಕೊ, ಅಮ್ಮ ಚೆನ್ನಾಗಿದಾರಾ?" ಹಗಲು ದಡ್ಡ ಶಿಖಾಮಣಿಯಾಗಿದ್ದವನು ರಾತ್ರಿ 'ಸ್ವಲ್ಪ ಗಮನ ಕೊಟ್ಟರೆ ಸಾಕು' ಅನ್ನುವವನಾಗುತ್ತಿದ್ದ. ಆದರೆ ನಮ್ಮ ಮೇಲೆ ಜನರಿಗಿದ್ದ ದೂರು, ಪಾಠವನ್ನೆಲ್ಲ ಟ್ಯೂಷನ್ನಿಗೆ ಉಳಿಸಿಕೊಳ್ಳುತ್ತಾರೆ ಅಂತ. ಈ ಮನುಷ್ಯ ತಿರುವುಮುರುವು. ಸ್ಕೂಲು ಕೊಡುವುದು ಮೂರು ತಿಂಗಳಿಗೆ ಒಂದಿಷ್ಟು ಭತ್ಯೆ. ಗಂಟಲು, ನಿದ್ದೆ, ಕಾಲರು ಎಲ್ಲ ಕಳೆದುಕೊಳ್ಳುವುದು ಅಲ್ಲೇ.

ಇಬ್ಬರೂ ಒಂದೇ ಮೈಯಲ್ಲಿ ಹೇಗೆ ಬಾಳುತ್ತಾರೋ. 2012ರಲ್ಲಿ ದೇಶದ ದೊಡ್ಡ ಕ್ಲಬ್ಬುಗಳ ಡೆವಲಪ್‌ಮೆಂಟ್ ಅಕಾಡೆಮಿ ಋತುವನ್ನು ಹತ್ತು ತಿಂಗಳಿಗೆ ಎಳೆದು, ನಮ್ಮ ಹುಡುಗರು ಹೈಸ್ಕೂಲಿಗೆ ಆಡಬಾರದು ಅಂದಿತಂತೆ. ಆಗ ಇವರು ಕ್ಲಬ್ಬಿನ ಸಭೆಯಲ್ಲಿ "ದೂರದೃಷ್ಟಿ" ಅಂದು, ಮಾರನೆಯ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ "ದರೋಡೆ" ಅಂದರು ಎಂದು ಮಗಳು ಹೇಳುತ್ತಾಳೆ. 2020ರಲ್ಲಿ ಆ ಅಕಾಡೆಮಿ ಮುಚ್ಚಿದಾಗ ಎರಡೂ ಕಡೆ ಸಂತಾಪ ಸೂಚಿಸಿದರಂತೆ, ಬೇರೆ ಬೇರೆ ಕಾರಣಕ್ಕೆ.

ಅಕ್ಟೋಬರಿನಲ್ಲಿ ಕೊನೆಯ ವರ್ಷದ ಹುಡುಗರನ್ನು ಬೀಳ್ಕೊಟ್ಟರು. ಒಬ್ಬೊಬ್ಬ ಹುಡುಗನೂ ಅಪ್ಪಅಮ್ಮನ ಕೈಹಿಡಿದು ಮೈದಾನದ ನಡುವೆ ನಡೆದು ಬಂದ, ಅಮ್ಮಂದಿರಿಗೆ ಹೂವು. ಆ ಸಂಜೆ ಹೈಸ್ಕೂಲಿನ ಎಂಬತ್ತು ನಿಮಿಷ ಬೋರ್ಡಿನಲ್ಲಿ ಕೆಳಕ್ಕಿಳಿಯುತ್ತಾ ಕೊನೆಯ ಹತ್ತು ಸೆಕೆಂಡಿಗೆ ಬಂದಾಗ ಊರೆಲ್ಲ ಒಟ್ಟಿಗೆ ಎಣಿಸಿತು. ನಾನೂ ಮೂರು, ಎರಡು, ಒಂದು ಅಂದೆ. ಗೆದ್ದಿರಲಿಲ್ಲ. ಕೋಚ್ ಗಡ್ಡದವನೊಬ್ಬನನ್ನು ತಬ್ಬಿಕೊಂಡು ಮೂಗೊರೆಸಿಕೊಳ್ಳುತ್ತಾ ನೇರವಾಗಿ ನನ್ನ ಡಬ್ಬಿಗೇ ಕೈ ಹಾಕಿ, ಕೋಡುಬಳೆಯನ್ನು ಬೆರಳಿಗೆ ಉಂಗುರದ ಹಾಗೆ ಸಿಕ್ಕಿಸಿಕೊಂಡು ಹೋದರು. ಅಂದಿನಿಂದ ಪ್ರತಿ ಪಂದ್ಯಕ್ಕೂ ಅದೇ ಆಯಿತು.

ನವೆಂಬರಿನಲ್ಲಿ ಸ್ಕೂಲಿನ ಆಟ ಮುಗಿಯಿತು. ಮುಂದಿನ ಶನಿವಾರ ಒಳಾಂಗಣದಲ್ಲಿ ಕ್ಲಬ್ಬಿನ ಅಭ್ಯಾಸ. ಗರಿಗರಿ ಟ್ರ್ಯಾಕ್‌ಸೂಟ್, ಟ್ಯಾಬ್ಲೆಟ್, ನಗು ಎಲ್ಲ ಹಾಜರ್. ಕೋಚ್ ನೇರ ನನ್ನ ಬಳಿ ಬಂದು, ಮೊದಲ ಸಲ ಕಂಡವರ ಹಾಗೆ ಕೈಕುಲುಕಿ, ತಮ್ಮನ್ನು ಭೇಟಿಯಾಗಿದ್ದು ಬಹಳ ಸಂತೋಷ ಅಂದರು. ನಾನೂ ಸಂತೋಷ ಅಂದೆ. ಅತ್ತಿತ್ತ ನೋಡಿದರು. ಕುರ್ಚಿಗಳೆಲ್ಲ ಇನ್ನೂ ಬಿಚ್ಚಿಕೊಳ್ಳುತ್ತಿದ್ದವು. ಆಮೇಲೆ ಬಗ್ಗಿ, ಸ್ಕೂಲಿನ ಗಂಟಲಲ್ಲಿ, ಪಿಸುಗುಟ್ಟಿದರು:

"ಆ ಖಾರದ ಉಂಗುರ ತಂದಿದ್ದೀರಾ?"