ಊದುವ ಚಿಕಿತ್ಸೆ

ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ ಲೋಕಕ್ಕೆ ದಯಪಾಲಿಸಿದ ಫ್ಯಾಮಿಕಾಮ್ ಎಂಬ ಆಟದ ಪೆಟ್ಟಿಗೆಯೂ, ಅದರ ವೇಷವನ್ನೇ ಧರಿಸಿ ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳನ್ನು ಹೊಕ್ಕ ಅನುಕರಣ ಪೆಟ್ಟಿಗೆಗಳೂ ಮುನಿಸಿಕೊಂಡಾಗಲೆಲ್ಲ ಬಾಲವೃದ್ಧರು ಪ್ರಯೋಗಿಸುತ್ತಿದ್ದ ದಿವ್ಯೌಷಧವೆಂದರೆ, ಆಟ ತುಂಬಿದ ಕಾರ್ಟ್ರಿಜ್ಜನ್ನು ಹೊರಗೆಳೆದು ಕೊಳಲಿನಂತೆ ತುಟಿಗಿಟ್ಟು ಊದುವುದು. ಆಟ ಮರಳಿ ಚಿಗುರಿದ್ದು ತೆಗೆದು ಕೂರಿಸಿದ್ದರಿಂದಲೇ ಹೊರತು ಉಸಿರಿನ ಮಹಿಮೆಯಿಂದಲ್ಲ. ಉಸಿರಿನ ತೇವವಾದರೋ ಕಾರ್ಟ್ರಿಜ್ಜಿನ ಲೋಹದ ಹಲ್ಲುಗಳಿಗೆ ಕಿಲುಬನ್ನೇ ದಾನಮಾಡಿತು. ಬಂಗಾಳಕೊಲ್ಲಿಯ ಉಪ್ಪುಗಾಳಿ ಆ ಸತ್ಕಾರ್ಯವನ್ನು ಶುಲ್ಕವಿಲ್ಲದೆ ನೆರವೇರಿಸುವ ಮದರಾಸಿನಲ್ಲಿ ಊದುವುದು ಶುದ್ಧ ದುಂದುಗಾರಿಕೆ.

ಆದಕಾರಣ ಇಂಥ ಹಳೆಯ ಪೆಟ್ಟಿಗೆಗಳ ಜೀರ್ಣೋದ್ಧಾರಕರು ಮೌಂಟ್ ರೋಡಿನ ಮಗ್ಗುಲ ಎಲೆಕ್ಟ್ರಾನಿಕ್ಸ್ ಪೇಟೆಯಾದ ರಿಚಿ ಸ್ಟ್ರೀಟಿಗೆ ತೆರಳಿ, ಕವಚ ಬಿಚ್ಚಲು ಸ್ಕ್ರೂ ತಿರುಪುಳಿಗಳನ್ನೂ ಹಲ್ಲುಗಳನ್ನು ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲನ್ನೂ ಸಂಪಾದಿಸುತ್ತಾರೆ. ಮದ್ಯವನ್ನು ಮುಟ್ಟದ ಸಜ್ಜನರು ಈ ಎರಡನೆಯ ವಸ್ತುವಿನ ಹೆಸರನ್ನು ಮನೆಯಲ್ಲಿ ತಗ್ಗಿದ ದನಿಯಲ್ಲೇ ಉಚ್ಚರಿಸುವರು.

ಹೊರಕವಚದ ಎಬಿಎಸ್ ಪ್ಲಾಸ್ಟಿಕ್ಕು ಕಾಲಾಂತರದಲ್ಲಿ ಹಳದಿಗಟ್ಟಿದ್ದರೆ, ಬಣ್ಣ ಮರಳಲೆಂದು ಹೈಡ್ರೋಜನ್ ಪೆರಾಕ್ಸೈಡನ್ನು ಲೇಪಿಸಿ ಬಿಸಿಲಿಗಿಡುವುದುಂಟು. ಅದಕ್ಕೆ ಬೇಕಾದ ಬಿಸಿಲಿನ ನೇರಳಾತೀತ ಕಿರಣಗಳಿಗೆ ಈ ಊರಿನಲ್ಲಿ, ಅದರಲ್ಲೂ ಅಗ್ನಿನಕ್ಷತ್ರವೆಂಬ ಕಡುಬೇಸಿಗೆಯ ಮೇ ತಿಂಗಳಲ್ಲಿ, ಬಡತನವೆಲ್ಲಿಯದು? ಸಂಡಿಗೆಯ ಪಕ್ಕದಲ್ಲಿಯೇ ಮಹಡಿಯ ಮೇಲೆ ಒಣಗುತ್ತಿದ್ದ ಅಂಥ ಕವಚವೊಂದನ್ನು ಕಂಡ ನೆರೆಮನೆಯ ಮಾಮಿಯವರು, ಕಾಗೆಗಳನ್ನು ಓಡಿಸುತ್ತಲೇ, ಇದನ್ನು ಕರಿಯುವುದು ಯಾವ ಎಣ್ಣೆಯಲ್ಲಿ ಎಂದು ಗಂಭೀರವಾಗಿ ವಿಚಾರಿಸಿದರು.