ಐಸಿನೊಳಗಿನ ಡೈನೋಸಾರ್

ಚಿಕ್ಕ ಮಕ್ಕಳಿಗೆ ಚಳಿಯಾಗುವುದಿಲ್ಲ, ಅವರ ಪಾಲಿನ ಚಳಿಯನ್ನೂ ಅಜ್ಜಿಯರೇ ಅನುಭವಿಸುತ್ತಾರೆ ಎಂಬುದು ನನ್ನ ಬಹುಕಾಲದ ಸಿದ್ಧಾಂತ. ಬೆಂಗಳೂರಿನಲ್ಲಿ 16 ಡಿಗ್ರಿಗಿಳಿದರೆ ಮಂಕಿ ಕ್ಯಾಪ್ ಹುಡುಕುವ ಜನ ನಾವು. ಜನವರಿಯಲ್ಲಿ ಮಗಳ ಮನೆಗೆಂದು ಬಾಸ್ಟನ್ನಿಗೆ ಹೋದೆವು. ನಾಲ್ಕು ವರ್ಷದ ಮೊಮ್ಮಗಳ ಪ್ರೀಸ್ಕೂಲಿನಲ್ಲಿ ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಮಕ್ಕಳನ್ನು ಅಂಗಳಕ್ಕೆ ಬಿಡುತ್ತಾರೆಂದು ತಿಳಿದು ನನ್ನಾಕೆ ಕಂಗಾಲಾದಳು.

"ಮಗೂಗೆ ಶೀತ ಆಗಲ್ವೇನೇ?"

"ಶೀತ ಬರೋದು ವೈರಸ್ಸಿಂದ ಅಮ್ಮಾ."

ವೈರಸ್ಸಿನ ಮಾತು ಅಜ್ಜಿಗೆ ಒಪ್ಪಿಗೆಯಾಗಲಿಲ್ಲ. ಶುಂಠಿ ಕಷಾಯ ಕುದಿಯಿತು.

ಹಿಮದಾಟದ ಮುಕ್ಕಾಲು ಪಾಲು ಉಡುಪಿನ ಆಟವೇ. ಮೊದಲು ಹಿಮದ ಪ್ಯಾಂಟು, ಆಮೇಲೆ ಬೂಟು, ಜಾಕೆಟ್ಟು, ಟೋಪಿ. ಕೈಗವಸು ಕಟ್ಟಕಡೆಗೆ, ಅದನ್ನೇ ಮೊದಲು ಹಾಕಿಕೊಂಡರೆ ಜಿಪ್ ಎಳೆಯುವವರು ಯಾರು? ಹೀಗೆ ಇಡೀ ತರಗತಿಯ ಕವಚಧಾರಣೆ ಮುಗಿದು ಬಾಗಿಲು ತೆರೆಯುವ ಹೊತ್ತಿಗೆ ಯಾರಿಗಾದರೂ ಒಂದಕ್ಕೆ ಬಂದೇ ಬರುತ್ತದೆ.

ನಾನು ನೋಡಲು ಹೋದ ದಿನ ಆಟ ಒಳಗೇ ಇತ್ತು. ಟೀಚರು ಹಿಂದಿನ ರಾತ್ರಿ ನೀರಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಡೈನೋಸಾರ್ ಮುಳುಗಿಸಿ ಹೊರಗಿಟ್ಟಿದ್ದರಂತೆ. ಫ್ರಿಜ್ಜಿನ ಖರ್ಚೂ ಇಲ್ಲ. ಈಗ ಅದನ್ನು ಬಿಡಿಸಬೇಕು. ಸಲಕರಣೆ: ಉಪ್ಪು, ಬೆಚ್ಚಗಿನ ನೀರು, ಒಂದೊಂದು ಡ್ರಾಪರ್. ಉಪ್ಪು ಬಿದ್ದಲ್ಲಿ ಐಸು ಚಟಚಟ ಅಂದು ಸಣ್ಣ ಸುರಂಗಗಳಾದವು. ಉಪ್ಪುನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಲು ಒಪ್ಪುವುದಿಲ್ಲವಲ್ಲ. ಅಲ್ಲಿ ರಸ್ತೆಗೆ ಉಪ್ಪು ಎರಚುವುದೂ ಅದಕ್ಕೇ. ಟೀಚರು ಇದೇನನ್ನೂ ಹೇಳಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಏನಾಗ್ತಿದೆ, ಏನಾಗ್ತಿದೆ ಎಂದು ತಮಗೇ ಗೊತ್ತಿಲ್ಲದವರ ಹಾಗೆ ಕೇಳುತ್ತಿದ್ದರು. ನಮ್ಮ ಮೇಷ್ಟರಾಗಿದ್ದರೆ ದ್ರವನ ಬಿಂದುವಿನ ವ್ಯಾಖ್ಯೆ ಬರೆಸಿ, ಐಸು ಕರಗುವ ಮೊದಲೇ ಕಿರುಪರೀಕ್ಷೆ ಮುಗಿಸಿರುತ್ತಿದ್ದರು.

ಇದೇ ಊರಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿಯದು ತದ್ವಿರುದ್ಧ ಚಿಂತೆ. ಸುತ್ತಲಿನ ಕೊಳಗಳ ಐಸನ್ನು ಕೊಯ್ಸಿ, 1833ರಲ್ಲಿ ಹಡಗಿಗೆ ತುಂಬಿ, ನಾಲ್ಕು ತಿಂಗಳ ದಾರಿಯ ಕಲ್ಕತ್ತೆಗೆ ಕಳಿಸಿದ ಭೂಪ ಅವನು. ಒಂದಷ್ಟು ದಾರಿಯಲ್ಲೇ ನೀರಾಯಿತು. ಉಳಿದದ್ದಕ್ಕೇ ದೊರೆಗಳು ಹಿರಿಹಿರಿ ಹಿಗ್ಗಿದರು. ಮದರಾಸಿನ ಕಡಲತಡಿಯ ಐಸ್ ಹೌಸ್, ಮುಂದೆ ವಿವೇಕಾನಂದರು ತಂಗಿದ್ದ ಕಟ್ಟಡ, ಅವನದೇ ಐಸಿನ ಉಗ್ರಾಣ. ಕರಗದ ಹಾಗೆ ಕಾಯುವುದರಲ್ಲಿ ಅವನ ಆಯುಷ್ಯ ಕಳೆಯಿತು. ಈ ಮಕ್ಕಳಿಗೆ ಕರಗಿಸುವುದೇ ಕಸುಬು.

ಕಡೆಗೂ ಬಾಲ ಹೊರಬಂತು. ಹೋ ಎಂದರು. ಪೂರ್ತಿ ಬಿಡುಗಡೆಯಾದ ಡೈನೋಸಾರನ್ನು ಮಾತ್ರ ಯಾರೂ ಮೂಸಿ ಕೂಡ ನೋಡಲಿಲ್ಲ. ನಾಳೆ ಮತ್ತೆ ಐಸಿಗೆ ಹಾಕಿ ಎಂಬುದೊಂದೇ ಬೇಡಿಕೆ.

ವಿದ್ಯೆ ಮನೆಗೂ ಬಂತು. ನಾವು ಹೊರಡುವ ದಿನ ಬೆಂಗಳೂರು ಮನೆಯ ಬೀಗದ ಕೈ ಎಲ್ಲೂ ಸಿಗಲಿಲ್ಲ. ಸೂಟ್‌ಕೇಸ್ ಮಗುಚಿ ಹುಡುಕುತ್ತಿದ್ದಾಗ ಮೊಮ್ಮಗಳು ಬಂದು ಫ್ರೀಜರಿನತ್ತ ಬೆರಳು ತೋರಿಸಿ, ಉಪ್ಪಿನ ಡಬ್ಬಿಯನ್ನು ನನ್ನ ಕೈಗಿಟ್ಟಳು.